ಮಗನ ಕಸಂ ಪರೇಡ್ ನೋಡಲು ವೆಲ್ಲಿಂಗ್ಟನ್‌ಗೆ ಹೊರಟಿದ್ದೀರಾ? ರಾತ್ರಿ ಹೊರಡಬೇಡಿ

ಪ್ರಶ್ನೆ: ನಾವು ಹಾಸನ ಜಿಲ್ಲೆ ಹೊಳೆನರಸೀಪುರ ತಾಲ್ಲೂಕಿನವರು. ನನ್ನ ಕಿರಿಮಗ ಅಗ್ನಿವೀರನಾಗಿ ಸೇರಿ, ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿರುವ ಮದ್ರಾಸ್ ರೆಜಿಮೆಂಟಲ್ ಸೆಂಟರ್‌ನಲ್ಲಿ ಟ್ರೈನಿಂಗ್ ಮುಗಿಸುತ್ತಿದ್ದಾನೆ. ಡಿಸೆಂಬರ್ ಮೊದಲ ವಾರ, ಶನಿವಾರ ಬೆಳಿಗ್ಗೆ ಕಸಂ ಪರೇಡ್, ಅಂದರೆ ಪ್ರತಿಜ್ಞೆ ತಗೊಳ್ಳುವ ಪರೇಡ್ ಅಂತೆ. ಮನೆಯವರೆಲ್ಲ ಸೇರಿ ಹತ್ತು ಜನ ಟಿ.ಟಿ. (ಟೆಂಪೊ ಟ್ರಾವೆಲರ್) ಮಾಡಿಕೊಂಡು ಹೋಗೋಣ ಅಂತಿದ್ದೇವೆ. ಶುಕ್ರವಾರ ರಾತ್ರಿ ಊಟ ಮುಗಿಸಿ ಹತ್ತು ಗಂಟೆಗೆ ಹೊರಟರೆ ಬೆಳಿಗ್ಗೆ ಪರೇಡಿಗೆ ಸರಿಹೋಗುತ್ತಾ? ನಮ್ಮ ಅವ್ವನಿಗೆ 78 ವರ್ಷ, ಮಂಡಿನೋವು. ಮಗಳಿಗೆ ಗಾಡಿಯಲ್ಲಿ ಕೂತರೆ ವಾಂತಿ. ಅಲ್ಲಿ ಏನೇನು ನಡೆಯುತ್ತೆ, ಏನು ತಗೊಂಡು ಹೋಗಬೇಕು? ಊಟಿ ನೋಡಿಕೊಂಡು, ಮಗನನ್ನೂ ಜೊತೆಗೇ ಕರೆದುಕೊಂಡು ಬರಬಹುದಾ?

ಉತ್ತರ: ಮೊದಲು ನಿಮಗೂ ನಿಮ್ಮ ಮನೆಯವರಿಗೂ ಅಭಿನಂದನೆ. ರಾಗಿ ಕೊಯ್ಲು, ಒಕ್ಕಣೆಯ ಹೊತ್ತಿನಲ್ಲಿ ಹತ್ತು ಜನ ಕೆಲಸ ಬಿಟ್ಟು ಹೊರಡುವುದು ಸಣ್ಣ ಮಾತಲ್ಲ. ಆ ಹುಡುಗನಿಗೆ ಅದು ಗೊತ್ತಾಗುತ್ತೆ.

ನೀವು ಕೇಳಿದ್ದರಲ್ಲಿ ಒಂದಕ್ಕೆ ಈಗಲೇ ಉತ್ತರ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಶುಕ್ರವಾರ ರಾತ್ರಿ ಹತ್ತಕ್ಕೆ ಹೊರಟರೆ ನಿಮಗೆ ಪರೇಡ್ ಸಿಗಲ್ಲ. ಬಂಡೀಪುರ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತೆ. 2009ರಿಂದ ಇದು ನಡೆದುಕೊಂಡು ಬಂದಿದೆ. ಆಂಬುಲೆನ್ಸ್ ಮತ್ತು ಕೆಲವೇ ಕೆಲವು ಬಸ್ಸುಗಳನ್ನು ಬಿಟ್ಟರೆ ಬೇರೆ ಯಾವ ಗಾಡಿಯನ್ನೂ ಬಿಡುವುದಿಲ್ಲ. ಮಗನ ಪರೇಡ್ ಅಂತ ಎಷ್ಟೇ ಕೇಳಿಕೊಂಡರೂ ಗೇಟ್ ತೆಗೆಯಲ್ಲ, ತೆಗೆಯಲೂಬಾರದು. ನೀವು ಗುಂಡ್ಲುಪೇಟೆ ದಾಟಿ ಮೇಲುಕಾಮನಹಳ್ಳಿ ಗೇಟಿನ ಹತ್ತಿರ ರಾತ್ರಿ ಎರಡು ಗಂಟೆಗೆ ನಿಂತಿರುತ್ತೀರಿ. ಆರಕ್ಕೆ ಗೇಟ್ ತೆಗೆದರೂ ಅಲ್ಲಿಂದ ಗೂಡಲೂರು, ಊಟಿ ದಾಟಿ ವೆಲ್ಲಿಂಗ್ಟನ್ ತಲುಪಲು ನಾಲ್ಕು ಗಂಟೆ ಬೇಕು. ಹತ್ತು ಗಂಟೆ ಆಗಿಹೋಯ್ತು. ಪರೇಡ್ ಶುರುವಾಗುವುದು ಬೆಳಿಗ್ಗೆ ಬೇಗ. ನೋಡಲು ಬಂದವರು ಅದಕ್ಕಿಂತ ಬಹಳ ಮುಂಚೆಯೇ ಒಳಗೆ ಕೂತಿರಬೇಕು. ಗ್ರೌಂಡಿಗೆ ತುಕಡಿ ಬಂದ ಮೇಲೆ ಗೇಟಿನಲ್ಲಿ ಯಾರನ್ನೂ ಬಿಡುವುದಿಲ್ಲ.

ನಾನು ಸೇನೆಯಲ್ಲಿದ್ದಾಗ ರಿಕ್ರೂಟ್‌ಗಳಿಗೆ ಡ್ರಿಲ್ ಕಲಿಸುತ್ತಿದ್ದವನು. ತಡವಾಗಿ ಬಂದ ಮನೆಯವರನ್ನು ನೋಡಿದ್ದೇನೆ. ಗೋಡೆಯ ಆಚೆ ನಿಂತು ಬ್ಯಾಂಡ್ ಸದ್ದು ಮಾತ್ರ ಕೇಳಿಸಿಕೊಂಡ ತಾಯಂದಿರು. ಅದು ಯಾರಿಗೂ ಬೇಡ. ಹಾಗಾಗಿ ಶುಕ್ರವಾರ ಬೆಳಗಿನ ಜಾವವೇ ಮನೆ ಬಿಡಿ, ಸಂಜೆಯೊಳಗೆ ಕೂನೂರಿನಲ್ಲಿ ರೂಮು ಸೇರಿಕೊಳ್ಳಿ. ಒಂದು ರಾತ್ರಿಯ ರೂಮಿನ ಖರ್ಚು ಜಾಸ್ತಿ ಆಗುತ್ತೆ ನಿಜ. ಬೇರೆ ಎಲ್ಲಿ ಬೇಕಾದರೂ ಉಳಿಸಿ, ಇಲ್ಲಿ ಉಳಿಸಬೇಡಿ.

ಇನ್ನೊಂದು ಕಾರಣವೂ ಇದೆ. ಪರೇಡ್ ಮುಗಿದ ಮೇಲೆ ಮಗ ನಿಮ್ಮ ಕೈಗೆ ಸಿಗುವುದು ಸ್ವಲ್ಪ ಹೊತ್ತು. ಏಳು ತಿಂಗಳ ಮೇಲೆ ಸಿಗುವ ಆ ಹೊತ್ತಿಗಾಗಿಯೇ ನೀವು ಹೋಗುತ್ತಿರುವುದು, ಅಲ್ವಾ? ರಾತ್ರಿಯೆಲ್ಲ ನಿದ್ದೆಗೆಟ್ಟು, ಮಗಳು ವಾಂತಿ ಮಾಡಿ ಸುಸ್ತಾಗಿ, ಅವ್ವನ ಕಾಲು ಊದಿಕೊಂಡು, ಡ್ರೈವರ್ ತೂಕಡಿಸುತ್ತಾ ಇರುವಾಗ ಆ ಹೊತ್ತು ಸುಮ್ನೆ ಕೈಜಾರಿ ಹೋಗುತ್ತೆ. ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿ ಉಳಿಯಬೇಕು, ಏನು ತಿನ್ನಬೇಕು ಅನ್ನುವುದನ್ನೆಲ್ಲ ಆ ಒಂದೆರಡು ಗಂಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಿರ್ಧರಿಸಿ.

ಈಗ ದಾರಿಯ ವಿಚಾರ. ನಿಮ್ಮ ಕಡೆಯಿಂದ ಸುಮಾರು 270 ಕಿ.ಮೀ. ಆಗುತ್ತೆ. ಬೆಳಿಗ್ಗೆ ಐದಕ್ಕೆ ಹೊರಟರೆ ಕೆ.ಆರ್. ನಗರ ದಾಟಿ ಏಳೂವರೆಯೊಳಗೆ ಮೈಸೂರು. ಊರೊಳಗೆ ಹೋಗಬೇಡಿ, ರಿಂಗ್ ರೋಡ್ ಹಿಡಿದು ನಂಜನಗೂಡಿನ ಕಡೆ ತಿರುಗಿ. ನಂಜುಂಡೇಶ್ವರನಿಗೆ ಕೈಮುಗಿಯಬೇಕು ಅನ್ನಿಸಿದರೆ ಮುಗಿದು ಬನ್ನಿ, ಹೊತ್ತು ಇದೆ. ತಿಂಡಿಯನ್ನು ಅಲ್ಲೇ ಮುಗಿಸಿ. ಗುಂಡ್ಲುಪೇಟೆಯಲ್ಲಿ ರಸ್ತೆ ಎರಡಾಗುತ್ತೆ: ಒಂದು ವಯನಾಡಿನ ಕಡೆಗೆ, ಇನ್ನೊಂದು ಬಂಡೀಪುರದ ಮೇಲೆ ಊಟಿಗೆ. ನಿಮ್ಮದು ಎರಡನೆಯದು.

ಕಾಡಿನೊಳಗೆ ಗಾಡಿ ನಿಲ್ಲಿಸುವಂತಿಲ್ಲ. ಆನೆ ಕಂಡರೂ, ಜಿಂಕೆ ಹಿಂಡು ಕಂಡರೂ ಕಿಟಕಿಯಿಂದಲೇ ನೋಡಿ. ಮಕ್ಕಳಿಗೆ ಗೇಟಿಗೆ ಮುಂಚೆಯೇ ಒಂದಕ್ಕೆ ಹೋಗಿ ಬರಲು ಹೇಳಿ, ಆಮೇಲೆ ಮುಕ್ಕಾಲು ಗಂಟೆ ಇಳಿಯುವ ಹಾಗಿಲ್ಲ. ಕೆಕ್ಕನಹಳ್ಳದಲ್ಲಿ ತಮಿಳುನಾಡು ಗಡಿ. ಅಲ್ಲಿ ಪೊಲೀಸರು, ಅರಣ್ಯದವರು ಗಾಡಿ ನಿಲ್ಲಿಸಿ ಮುಖ್ಯವಾಗಿ ಇ-ಪಾಸ್, ಪ್ಲಾಸ್ಟಿಕ್ ನೋಡುತ್ತಾರೆ.

ಇ-ಪಾಸ್ ಮರೆತು ಬರುವವರು ಬಹಳ. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ನೀಲಗಿರಿಗೆ ಹೊರಗಿನ ಗಾಡಿ ಹೋಗಬೇಕಾದರೆ ಇ-ಪಾಸ್ ಇರಬೇಕು. ತಮಿಳುನಾಡು ಸರ್ಕಾರದ ವೆಬ್‌ಸೈಟಿನಲ್ಲಿ ಮೊಬೈಲ್ ನಂಬರ್ ಕೊಟ್ಟು, ಗಾಡಿ ನಂಬರ್, ಎಷ್ಟು ಜನ, ಯಾವ ದಿನ ಬರುವುದು ಯಾವ ದಿನ ಹೋಗುವುದು, ಎಲ್ಲಿ ಉಳಿಯುವುದು ಅಂತ ತುಂಬಿದರೆ ಆಯಿತು. ದುಡ್ಡು ಕೊಡಬೇಕಿಲ್ಲ. ಏಪ್ರಿಲ್‌ನಿಂದ ಜೂನ್‌ವರೆಗಿನ ಸೀಸನ್‌ನಲ್ಲಿ ದಿನಕ್ಕೆ ಇಷ್ಟೇ ಗಾಡಿ ಅಂತ ಮಿತಿ ಇಟ್ಟಿದ್ದರು. 2025ರಲ್ಲಿ ಅದು ವಾರದ ದಿನಗಳಲ್ಲಿ 6000, ಶನಿವಾರ ಭಾನುವಾರ 8000. ಡಿಸೆಂಬರ್‌ನಲ್ಲಿ ಅಷ್ಟು ಒತ್ತಡ ಇರಲ್ಲ. ಆದರೂ ಹೊರಡುವ ವಾರ ನಿಯಮ ಏನಾಗಿದೆ ಅಂತ ಒಮ್ಮೆ ನೋಡಿ, ಪಾಸ್ ತೆಗೆದು ಅದರ ಪ್ರಿಂಟ್ ಡ್ರೈವರ್ ಕೈಗೆ ಕೊಡಿ. ಗಾಡಿ ಯಾವುದು ಅಂತ ಖಚಿತವಾದ ಮೇಲೆಯೇ ಪಾಸ್ ತೆಗೆಯಿರಿ. ಕೊನೇ ಗಳಿಗೆಯಲ್ಲಿ ಬೇರೆ ಟಿ.ಟಿ. ಕಳಿಸಿದರೆ ನಂಬರ್ ಬದಲಾಗುತ್ತೆ, ಹಳೇ ಪಾಸ್ ಉಪಯೋಗಕ್ಕೆ ಬರಲ್ಲ.

ಟಿ.ಟಿ. ಮಾತು ಬಂತು. ಹಳದಿ ಬೋರ್ಡ್ ಗಾಡಿಯನ್ನೇ ಮಾಡಿ. ಪರಿಚಯದವರ ಬಿಳಿ ಬೋರ್ಡ್ ಗಾಡಿ ಕಡಿಮೆಗೆ ಸಿಗುತ್ತೆ ಅಂತ ತಗೊಂಡರೆ ಗಡಿಯಲ್ಲಿ ತೊಂದರೆ. ಏನಾದರೂ ಹೆಚ್ಚುಕಮ್ಮಿ ಆದರೆ ವಿಮೆಯೂ ಕೈಕೊಡುತ್ತೆ. ತಮಿಳುನಾಡಿನ ಪರ್ಮಿಟ್, ತೆರಿಗೆ ಬಾಡಿಗೆಯಲ್ಲಿ ಸೇರಿದೆಯಾ ಅಂತ ಮುಂಚೆಯೇ ಕೇಳಿ ಬರೆಸಿಕೊಳ್ಳಿ. ಡ್ರೈವರ್ ಘಾಟಿ ಓಡಿಸಿದವನಾಗಿರಬೇಕು. ಸಕಲೇಶಪುರದ ಕಡೆ ಶಿರಾಡಿ, ಬಿಸಿಲೆ ಓಡಿಸಿದವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಂಥವರನ್ನೇ ಕೇಳಿ ಗೊತ್ತುಮಾಡಿ.

ತೆಪ್ಪಕಾಡಿನಲ್ಲಿ ಎಡಕ್ಕೆ ಹೋದರೆ ಮಸಿನಗುಡಿ, ಕಲ್ಲಟ್ಟಿ ಘಾಟಿ. ಅದರಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ದೂರ ಸುಮಾರು 30 ಕಿ.ಮೀ. ಉಳಿಯುತ್ತೆ, ಮ್ಯಾಪ್ ಕೂಡ ಅದನ್ನೇ ತೋರಿಸುತ್ತೆ. ನೀವು ಅದರಲ್ಲಿ ಹೋಗಬೇಡಿ. ಏರು ತುಂಬಾ ಕಡಿದು, ಹತ್ತು ಜನ ತುಂಬಿದ ಟಿ.ಟಿ. ಏದುಸಿರು ಬಿಡುತ್ತೆ, ವಾಂತಿ ಆಗುವವರಿಗಂತೂ ನರಕ. ಇಳಿಯುವಾಗ ಹೊರಗಿನ ಗಾಡಿಗಳಿಗೆ ಆ ದಾರಿಯಲ್ಲಿ ಬಿಡುವುದೂ ಇಲ್ಲ, ಅಷ್ಟು ಅಪಘಾತ ಆಗಿವೆ ಅಲ್ಲಿ. ನೇರ ಗೂಡಲೂರಿಗೆ ಹೋಗಿ, ನಡುವಟ್ಟಂ, ಪೈಕಾರ ಮೇಲೆ ಊಟಿ ಹತ್ತಿ. ರಸ್ತೆ ಅಗಲ, ಏರು ನಿಧಾನ, ನಡುವೆ ನಿಲ್ಲಿಸಿ ಗಾಳಿ ಕುಡಿಯಲು ಜಾಗ ಇದೆ. ಹತ್ತಿ ಬರುವ ಗಾಡಿಗೆ ಮೊದಲು ದಾರಿ ಬಿಡಬೇಕು ಅನ್ನುವುದು ಬೆಟ್ಟದ ನಿಯಮ. ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಬೇಕು. ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಬಂದರೆ ಸುಟ್ಟ ವಾಸನೆ ಬರುತ್ತೆ. ಬಂದ ತಕ್ಷಣ ನಿಲ್ಲಿಸಿ ಆರಲು ಬಿಡಿ ಅಂತ ಡ್ರೈವರಿಗೆ ಹೇಳಲು ಸಂಕೋಚಪಡಬೇಡಿ.

ಮಗಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಮೊಬೈಲ್ ಕೈಗೆ ಕೊಡಬೇಡಿ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆಯಲ್ಲಿ ಕರಿದದ್ದೂ ಬೇಡ. ಎರಡು ಇಡ್ಲಿ ಸಾಕು. ವಾಂತಿ ಮಾತ್ರೆಯನ್ನು ನಿಮ್ಮ ಡಾಕ್ಟರನ್ನು ಕೇಳಿ, ಗೂಡಲೂರು ಬರುವ ಮುಂಚೆಯೇ ಕೊಡಿ. ತಿರುವು ಶುರುವಾದ ಮೇಲೆ ಕೊಟ್ಟರೆ ಮಾತ್ರೆಯೂ ಹೊರಗೆ ಬರುತ್ತೆ.

ಅವ್ವನ ವಿಚಾರದಲ್ಲಿ ಚಳಿಗೆ ಹೆದರಿ. ಊಟಿ ಸುಮಾರು 2240 ಮೀಟರ್ ಎತ್ತರದಲ್ಲಿದೆ, ವೆಲ್ಲಿಂಗ್ಟನ್ 1850ರ ಸುಮಾರು. ನಮ್ಮ ಹಾಸನ ಸಾವಿರದ ಹತ್ತಿರ. ಡಿಸೆಂಬರ್‌ನಲ್ಲಿ ನಮ್ಮಲ್ಲೇ ಬೆಳಿಗ್ಗೆ ಕಂಬಳಿ ಬೇಕು, ಅಲ್ಲಿ ಆರು ಗಂಟೆಗೆ ಮೈ ನಡುಗುತ್ತೆ. ಪರೇಡ್ ಬಯಲಲ್ಲಿ ನಡೆಯುವುದು, ಕೂತಿರುವವರಿಗೇ ಚಳಿ ಜಾಸ್ತಿ. ಸ್ವೆಟರ್, ಕಿವಿ ಮುಚ್ಚುವ ಟೋಪಿ ಅಥವಾ ಮಫ್ಲರ್, ಕಾಲಿಗೆ ಉಲ್ಲನ್ ಸಾಕ್ಸ್, ಮೇಲೆ ದಪ್ಪ ಶಾಲು ಇರಲಿ. ಕೂರುವ ಜಾಗಕ್ಕೆ ಹಾಕಿಕೊಳ್ಳಲು ಒಂದು ಮಡಚಿದ ಬೆಡ್‌ಶೀಟ್ ತಗೊಳ್ಳಿ. ಮೋಡ ಇಳಿದು ತುಂತುರು ಹನಿಯಬಹುದು. ಬಿ.ಪಿ. ಮಾತ್ರೆ ಇದ್ದರೆ ಅದು ಕೈಚೀಲದಲ್ಲೇ ಇರಲಿ, ದೊಡ್ಡ ಬ್ಯಾಗಿನ ತಳದಲ್ಲಿ ಬೇಡ. ನಡೆಯಲು ಕಷ್ಟ ಇರುವವರು ಒಬ್ಬರು ಇದ್ದಾರೆ ಅಂತ ಮಗನ ಮೂಲಕ ಅವನ ಉಸ್ತಾದರಿಗೆ ಮುಂಚೆಯೇ ಹೇಳಿಸಿ. ರಿಕ್ರೂಟ್‌ಗೆ ಡ್ರಿಲ್ ಕಲಿಸುವವರನ್ನು ಅಲ್ಲಿ ಉಸ್ತಾದ್ ಅಂತಲೇ ಕರೆಯುವುದು. ಗೇಟಿನಿಂದ ಗ್ರೌಂಡಿಗೆ ಏರಿಳಿತದ ದಾರಿ. ಹೇಳಿಟ್ಟರೆ ಸಾಮಾನ್ಯವಾಗಿ ಏನಾದರೂ ವ್ಯವಸ್ಥೆ ಮಾಡುತ್ತಾರೆ. ವಯಸ್ಸಾದವರನ್ನು ಸೇನೆಯಲ್ಲಿ ಬಹಳ ಮರ್ಯಾದೆಯಿಂದ ನೋಡಿಕೊಳ್ಳುತ್ತಾರೆ.

ರೂಮು ಊಟಿಯಲ್ಲಿ ಮಾಡಬೇಡಿ. ಅಲ್ಲಿಂದ ವೆಲ್ಲಿಂಗ್ಟನ್ 16 ಕಿ.ಮೀ. ಅಷ್ಟೇ, ಆದರೆ ಬೆಳಗಿನ ಮಂಜಿನಲ್ಲಿ ಇಳಿಯುವ ರಸ್ತೆ. ಕೂನೂರಿನಲ್ಲೋ ಅರುವಂಕಾಡಿನಲ್ಲೋ ಉಳಿದರೆ ಹತ್ತು ಹದಿನೈದು ನಿಮಿಷದ ದಾರಿ. ಆ ಶನಿವಾರ ನೂರಾರು ಹುಡುಗರ ಮನೆಯವರು ಬರುತ್ತಾರೆ, ರೂಮು ಈಗಲೇ ಹಿಡಿಯಿರಿ. ರದ್ದು ಮಾಡಿದರೆ ದುಡ್ಡು ವಾಪಸ್ ಕೊಡುವ ಜಾಗವನ್ನೇ ನೋಡಿ. ಪರೇಡಿನ ತಾರೀಖು ಒಂದೆರಡು ದಿನ ಹಿಂದೆ ಮುಂದೆ ಆಗುವುದುಂಟು. ಟ್ರೈನಿಂಗಲ್ಲಿ ಕಾಲು ಉಳುಕಿಯೋ ಜ್ವರ ಬಂದೋ ಕೆಲವು ವಾರ ತಪ್ಪಿಸಿಕೊಂಡ ಹುಡುಗನನ್ನು ಮುಂದಿನ ಬ್ಯಾಚಿಗೆ ಹಾಕುವುದೂ ಉಂಟು. ಹಾಗೆ ಆದರೆ ಅದು ಅವಮಾನ ಅಲ್ಲ, ಅವನು ಪೂರ್ತಿ ಗಟ್ಟಿಯಾಗಿ ಹೊರಬರಲಿ ಅಂತ. ನಿಮ್ಮ ಮಗನಿಗೆ ಅಂಥದ್ದೇನೂ ಆಗದಿರಲಿ. ಆದರೂ ಹೊರಡುವ ವಾರ ಅವನ ಬಾಯಿಂದಲೇ ತಾರೀಖು ಕೇಳಿ ಖಾತ್ರಿ ಮಾಡಿಕೊಳ್ಳಿ. ಬೇರೆ ಯಾರಾದರೂ ಫೋನ್ ಮಾಡಿ ಪಾಸಿಗೆ, ಪರೇಡ್ ಖರ್ಚಿಗೆ ಅಂತ ಹಣ ಕೇಳಿದರೆ ಒಂದು ಪೈಸೆಯನ್ನೂ ಹಾಕಬೇಡಿ.

ಮ್ಯಾಪಿನಲ್ಲಿ ಮದ್ರಾಸ್ ರೆಜಿಮೆಂಟಲ್ ಸೆಂಟರ್ ಅಂತಲೇ ಹಾಕಿ. ವೆಲ್ಲಿಂಗ್ಟನ್‌ನಲ್ಲಿ ಡಿಫೆನ್ಸ್ ಸರ್ವೀಸಸ್ ಸ್ಟಾಫ್ ಕಾಲೇಜೂ ಇದೆ, ಡ್ರೈವರ್‌ಗಳು ಅಲ್ಲಿಗೆ ಹೋಗಿ ನಿಲ್ಲುವುದುಂಟು. ಎಲ್ಲರ ಆಧಾರ್ ಕಾರ್ಡ್ ಅಸಲಿ ಇರಲಿ, ಮಕ್ಕಳದ್ದೂ. ಬರುವವರ ಹೆಸರನ್ನು ಮಗ ಮೊದಲೇ ಕೊಟ್ಟಿರಬೇಕು. ಕೊನೇ ಗಳಿಗೆಯಲ್ಲಿ ಅತ್ತೆ ಮಗನನ್ನೋ ಪಕ್ಕದ ಮನೆಯವರನ್ನೋ ಗಾಡಿಗೆ ಹತ್ತಿಸಿಕೊಳ್ಳಬೇಡಿ. ಮೊಬೈಲ್, ಫೋಟೊ ವಿಷಯದಲ್ಲಿ ಅಲ್ಲಿ ಏನು ಹೇಳುತ್ತಾರೋ ಅದೇ ಕಾನೂನು. ಗೇಟು, ಬ್ಯಾರಕ್, ಗಾಡಿಗಳ ಫೋಟೊ ತೆಗೆಯಲೇಬೇಡಿ, ಮಗನ ನಂಬರ್, ಮುಂದೆ ಹೋಗುವ ಯೂನಿಟ್ ಹೆಸರನ್ನು ಸ್ಟೇಟಸ್‌ಗೆ ಹಾಕಬೇಡಿ. ಹೆಮ್ಮೆಯಿಂದ ಹಾಕುತ್ತೀರಿ ಅಂತ ಗೊತ್ತು, ಆದರೆ ಅದರಿಂದ ತೊಂದರೆ ಅನುಭವಿಸುವವನು ಅವನು.

ಇನ್ನು ಅಲ್ಲಿ ಏನು ನಡೆಯುತ್ತೆ ಅನ್ನುವುದು. ಇದನ್ನು ಮನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಹೇಳಿ, ಮುಖ್ಯವಾಗಿ ಅವ್ವನಿಗೆ. ಗೊತ್ತಿದ್ದು ನೋಡಿದರೆ ಕಣ್ಣಿಗೆ ಕಾಣುವುದೇ ಬೇರೆ.

ನಿಮ್ಮ ಮಗ ಸೇರಿರುವುದು ಭಾರತೀಯ ಸೇನೆಯ ಅತಿ ಹಳೆಯ ಕಾಲಾಳು ರೆಜಿಮೆಂಟಿಗೆ. 1758ರಿಂದ ಅದರ ಇತಿಹಾಸ ಶುರುವಾಗುತ್ತೆ. ನಮ್ಮ ಮೈಸೂರು ಸಂಸ್ಥಾನದ ಕಾಲಾಳು ಪಡೆಯೂ ಸ್ವಾತಂತ್ರ್ಯ ಬಂದ ಮೇಲೆ ಇದೇ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ಹಾಗಾಗಿ ನಮ್ಮ ಕಡೆಯ ಹುಡುಗರಿಗೆ ಅದು ಪರಕೀಯ ಜಾಗ ಅಲ್ಲ. ಟೋಪಿಯ ಬ್ಯಾಡ್ಜಿನಲ್ಲಿ ಆನೆ ಇರುತ್ತೆ. 1803ರಲ್ಲಿ ಮರಾಠರ ವಿರುದ್ಧ ನಡೆದ ಅಸ್ಸಾಯೆ ಯುದ್ಧದ ನೆನಪಿನ ಆನೆ ಅದು. ಕನ್ನಡ, ತಮಿಳು, ಮಲಯಾಳ, ತೆಲುಗು ಮನೆಮಾತಿನ ಹುಡುಗರು ಒಂದೇ ಬ್ಯಾರಕ್ಕಿನಲ್ಲಿ ಮಲಗಿ, ಒಂದೇ ಲಂಗರಿನಲ್ಲಿ (ಸೇನೆಯ ಅಡುಗೆಮನೆ) ಉಂಡು, 31 ವಾರ ತಯಾರಾಗಿರುತ್ತಾರೆ.

ಬ್ಯಾಂಡ್ ಶುರುವಾಗಿ ತುಕಡಿಗಳು ಒಳಗೆ ಬರುವಾಗ ಮೊದಲು ಬೂಟಿನ ಸದ್ದು ಕೇಳಿ. ಡ್ರಿಲ್ ಬೂಟಿನ ಅಡಿಗೆ ಲಾಳ ಹೊಡೆದಿರುತ್ತೆ. ನೂರಾರು ಹಿಮ್ಮಡಿ ಒಂದೇ ಸಲ ನೆಲಕ್ಕೆ ಬಿದ್ದಾಗ ಎದೆಗೆ ತಾಗುತ್ತೆ. ಆ ಒಂದು ಸದ್ದಿಗೆ ತಿಂಗಳುಗಟ್ಟಲೆ ಬೆಳಿಗ್ಗೆ ಸಂಜೆ ಅಭ್ಯಾಸ ಮಾಡಿಸುತ್ತೇವೆ. ಒಬ್ಬನ ಕಾಲು ಅರೆಗಳಿಗೆ ಹಿಂದೆ ಬಿದ್ದರೂ ನಮ್ಮ ಕಿವಿಗೆ ಗೊತ್ತಾಗುತ್ತೆ. ಬೂಟಿನ ಮುಂಭಾಗ ಕನ್ನಡಿ ಹಾಗೆ ಹೊಳೆಯುತ್ತಿರುತ್ತೆ. ಹಿಂದಿನ ರಾತ್ರಿ ಬಟ್ಟೆಗೆ ಪಾಲಿಶ್ ಹಚ್ಚಿ, ಒಂದೊಂದು ಹನಿ ನೀರು ಹಾಕಿ, ಸಣ್ಣ ಸಣ್ಣ ಸುತ್ತಾಗಿ ಗಂಟೆಗಟ್ಟಲೆ ಉಜ್ಜಿರುತ್ತಾರೆ.

ಎಲ್ಲರದ್ದೂ ಒಂದೇ ಸಮವಸ್ತ್ರ, ಒಂದೇ ಕೂದಲು. ದೂರದಿಂದ ಯಾರು ಯಾರು ಅಂತ ಗೊತ್ತಾಗಲ್ಲ. ಮೊದಲೇ ಮಗನನ್ನು ಕೇಳಿಟ್ಟುಕೊಳ್ಳಿ: ಯಾವ ತುಕಡಿ, ಎಷ್ಟನೇ ಸಾಲು, ಬಲಗಡೆಯಿಂದ ಎಷ್ಟನೆಯವನು. ಅವನು ನಿಮ್ಮ ಮುಂದೆಯೇ ಹಾದುಹೋದರೂ ನಿಮ್ಮ ಕಡೆ ತಿರುಗಲ್ಲ. ಹೆಸರು ಹಿಡಿದು ಕೂಗಬೇಡಿ. ಮೊಮ್ಮಗ ನನ್ನನ್ನು ನೋಡಲೇ ಇಲ್ಲ ಅಂತ ಅವ್ವ ನೊಂದುಕೊಳ್ಳಬಾರದು. ಅವನಿಗೆ ನೀವು ಎಲ್ಲಿ ಕೂತಿದ್ದೀರಿ ಅಂತ ಗೊತ್ತಿರುತ್ತೆ. ಕಣ್ಣಂಚಿನಲ್ಲಿ ಹುಡುಕಿ ಹಿಡಿದಿರುತ್ತಾನೆ. ತಿರುಗದೆ ಇರುವುದನ್ನೇ ಅವನು ಅಲ್ಲಿ ಕಲಿತದ್ದು.

ಆಮೇಲೆ ರಾಷ್ಟ್ರಧ್ವಜ, ರೆಜಿಮೆಂಟಿನ ನಿಶಾನ್, ಅಂದರೆ ಅದರದೇ ಬಾವುಟ ಬರುತ್ತೆ. ಎಲ್ಲ ಧರ್ಮದ ಗುರುಗಳು ಗ್ರಂಥಗಳ ಜೊತೆ ಬಂದು ನಿಲ್ಲುತ್ತಾರೆ. ಆಗ ಹುಡುಗರು ಪ್ರತಿಜ್ಞೆ ತಗೊಳ್ಳುತ್ತಾರೆ. ಇದಕ್ಕೇ ಕಸಂ ಪರೇಡ್ ಅನ್ನುವುದು. ಹಿಂದಿಯಲ್ಲಿ ಹೇಳುವುದರಿಂದ ಅವ್ವನಿಗೆ ಅರ್ಥವಾಗಲಿಕ್ಕಿಲ್ಲ, ನೀವು ಮೊದಲೇ ಹೇಳಿ. ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ, ನೆಲ, ನೀರು, ಆಕಾಶ ಎಲ್ಲಿಗೆ ಕಳಿಸಿದರೂ ಹೋಗುತ್ತೇನೆ, ಪ್ರಾಣಕ್ಕೆ ಕುತ್ತು ಬಂದರೂ ಮೇಲಿನವರ ಆಜ್ಞೆ ಪಾಲಿಸುತ್ತೇನೆ ಅನ್ನುವುದು ಅದರ ತಿರುಳು. ಆ ಮಾತು ಬಾಯಿಂದ ಬರುವವರೆಗೂ ಅವನು ರಿಕ್ರೂಟ್, ಬಂದ ಮೇಲೆ ಸೈನಿಕ. ಇಡೀ ಪರೇಡಿನಲ್ಲಿ ಆ ಎರಡು ನಿಮಿಷವನ್ನು ಮಾತ್ರ ಮೊಬೈಲ್ ಇಲ್ಲದೆ, ಮಾತಿಲ್ಲದೆ ನೋಡಿ. ಕೊನೆಗೆ 'ವೀರ ಮದ್ರಾಸಿ, ಅಡಿ ಕೊಲ್ಲು' (ಹೊಡೆ, ಕೊಲ್ಲು) ಅಂತ ಎಲ್ಲರೂ ಒಟ್ಟಿಗೆ ಕೂಗುವುದು ಕೇಳಿದರೆ ಹುಡುಗರಿಗಿಂತ ನೋಡುವವರಿಗೇ ರೋಮಾಂಚನ.

ಹೆಗಲಿಗೆ ಸ್ಟಾರ್ ಹಾಕುವ ಅವಕಾಶ ನಮಗೆ ಸಿಗುತ್ತಾ ಅಂತ ಬಹಳ ತಂದೆ ತಾಯಿ ಕೇಳುತ್ತಾರೆ. ಅದು ಅಧಿಕಾರಿಗಳ ಪರೇಡಿನಲ್ಲಿ, ಡೆಹ್ರಾಡೂನ್‌ನಲ್ಲೋ ಚೆನ್ನೈಯಲ್ಲೋ ನಡೆಯುವುದು. ಟಿ.ವಿ.ಯಲ್ಲಿ ಅದನ್ನೇ ತೋರಿಸುವುದರಿಂದ ಈ ಗೊಂದಲ. ಆದರೆ ಸೈನಿಕರ ತಂದೆ ತಾಯಿಗೆ ಗೌರವ್ ಪದಕ್ ಅಂತ ಕೊಡುವ ರೂಢಿ ಈಗ ಹಲವು ಸೆಂಟರ್‌ಗಳಲ್ಲಿ ಇದೆ. ನಿಮಗೂ ಸಿಕ್ಕರೆ ಎದೆಗೆ ಪಿನ್ ಮಾಡುತ್ತಾರೆ. ನಿಮ್ಮ ಮನೆಯಾಕೆ ಶಾಲನ್ನು ಪೂರ್ತಿ ಸುತ್ತಿಕೊಳ್ಳದೆ, ಸೀರೆ ಕಾಣುವ ಹಾಗೆ ಇರಲಿ ಅಂತ ಅದಕ್ಕೇ ಹೇಳುವುದು. ಒಳ್ಳೆ ಸೀರೆ ಉಟ್ಟುಕೊಂಡು ಬರಲಿ. ಮದುವೆಗೆ ಉಡುವಂಥದ್ದು.

ಪರೇಡ್ ಮುಗಿದು ಹುಡುಗರನ್ನು ಬಿಟ್ಟಾಗ ಅವರೇ ಓಡಿ ಬರುತ್ತಾರೆ. ನೀವು ಗುಂಪಿನೊಳಗೆ ನುಗ್ಗದೆ ಒಂದೇ ಜಾಗದಲ್ಲಿ ನಿಂತಿರಿ, ಇಲ್ಲದಿದ್ದರೆ ಹುಡುಕಾಟದಲ್ಲೇ ಹೊತ್ತು ಕಳೆಯುತ್ತೆ. ಅವನನ್ನು ನೋಡಿ ಮೊದಲು ಸೊರಗಿದ್ದಾನೆ, ಕಪ್ಪಾಗಿದ್ದಾನೆ ಅಂತ ಅನ್ನಿಸುತ್ತೆ. ಹತ್ತಿರದಿಂದ ನೋಡಿ, ಸೊರಗಿಲ್ಲ, ಬಿಗಿಯಾಗಿದ್ದಾನೆ. ಅಂಗೈ ಮುಟ್ಟಿ ನೋಡಿ. ಹಗ್ಗ ಹತ್ತಿ, ರೈಫಲ್ ಹಿಡಿದು ಬೆರಳಿನ ಬುಡದಲ್ಲಿ ಗಂಟು ಕಟ್ಟಿರುತ್ತೆ. ಮಾತು ಕಡಿಮೆ ಆಗಿರಬಹುದು, ಅಪ್ಪನಿಗೂ ಬಾಯ್ತಪ್ಪಿ ಸರ್ ಅನ್ನಬಹುದು. ಸಂಬಳ ಎಷ್ಟು, ನಾಲ್ಕು ವರ್ಷ ಆದ ಮೇಲೆ ಏನು, ಪೋಸ್ಟಿಂಗ್ ಎಲ್ಲಿ ಅಂತ ಅಲ್ಲೇ ಶುರುಮಾಡಬೇಡಿ. ಅದಕ್ಕೆ ಮನೆಯಲ್ಲಿ ಹೊತ್ತು ಇದೆ. ಊಟ ಹಾಕಿ, ಪಕ್ಕದಲ್ಲಿ ಕೂತುಕೊಳ್ಳಿ. ಅಳು ಬಂದರೆ ಅಳಿ, ಅದನ್ನು ತಡೆಯಿರಿ ಅಂತ ನಾನು ಯಾರಿಗೂ ಹೇಳಲ್ಲ.

ತಿನ್ನಲು ಏನು ತಗೊಂಡು ಹೋಗಬೇಕು ಅಂದರೆ, ಕೆಡದಂಥದ್ದು. ಕೋಡುಬಳೆ, ಚಕ್ಕುಲಿ, ರವೆ ಉಂಡೆ, ಒಬ್ಬಟ್ಟು. ಹಿಂದಿನ ದಿನ ಮಾಡಿದ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಆ ಚಳಿಗೆ ಚೆನ್ನಾಗಿಯೇ ಇರುತ್ತೆ. ಮುದ್ದೆ, ಹುರುಳಿ ಬಸ್ಸಾರು ಮನೆಗೆ ಬಂದ ಮೇಲೆ. ಒಳಗೆ ತಿಂಡಿ ತರಬಹುದಾ ಅಂತ ಮೊದಲು ಕೇಳಿ. ಬೇಡ ಅಂದರೆ ಗಾಡಿಯಲ್ಲೇ ಇಟ್ಟು ಹೊರಗೆ ಬಂದ ಮೇಲೆ ಕೊಡಿ. ಪ್ಲಾಸ್ಟಿಕ್ ಕವರ್ ಬೇಡ, ಸ್ಟೀಲ್ ಡಬ್ಬಿ ಮತ್ತು ಬಟ್ಟೆ ಚೀಲ. ನೀಲಗಿರಿಯಲ್ಲಿ ಒಂದು ಲೀಟರ್, ಎರಡು ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿಗೂ ನಿಷೇಧ ಇದೆ. ಗಡಿಯಲ್ಲಿ ಹಿಡಿದರೆ ದಂಡ ಕಟ್ಟಬೇಕು. ಸ್ಟೀಲ್ ಬಾಟಲಿಗಳಲ್ಲಿ ಮನೆ ನೀರೇ ತುಂಬಿಕೊಳ್ಳಿ.

ಮಾಡುವಾಗ ಸ್ವಲ್ಪ ಜಾಸ್ತಿ ಮಾಡಿ. ಇದನ್ನು ನಾನು ಎಲ್ಲ ಮನೆಯವರಿಗೂ ಒತ್ತಿ ಹೇಳುತ್ತೇನೆ. ಪ್ರತಿ ಪರೇಡಿನಲ್ಲೂ ಯಾರೂ ಬಾರದ ಹುಡುಗರು ಇರುತ್ತಾರೆ. ಬಾಡಿಗೆಗೆ ದುಡ್ಡಿಲ್ಲ, ಅಪ್ಪನಿಗೆ ಹುಷಾರಿಲ್ಲ, ಅಮ್ಮ ಒಬ್ಬಳೇ ಅಷ್ಟು ದೂರ ಬರಲಾರಳು, ಹೀಗೆ ಏನೋ ಒಂದು. ಎಲ್ಲರೂ ತಮ್ಮವರನ್ನು ತಬ್ಬಿಕೊಳ್ಳುವಾಗ ಆ ಹುಡುಗರು ಬೆಲ್ಟ್ ಸರಿಮಾಡಿಕೊಳ್ಳುತ್ತಾ, ಬೂಟ್ ನೋಡಿಕೊಳ್ಳುತ್ತಾ ಒಂದು ಪಕ್ಕ ನಿಂತಿರುತ್ತಾರೆ. ನಿನ್ನ ಜೊತೆಯವರಲ್ಲಿ ಮನೆಯವರು ಬಾರದವರು ಯಾರಪ್ಪ ಅಂತ ಮಗನನ್ನು ಕೇಳಿ, ಅವರನ್ನೂ ಕರೆಸಿ ಕೂರಿಸಿಕೊಳ್ಳಿ. ಅವ್ವ ಆ ಹುಡುಗನ ತಲೆ ಮೇಲೆ ಕೈಯಿಟ್ಟರೆ ಸಾಕು, ಭಾಷೆ ಬೇಕಿಲ್ಲ. ಮುಂದೆ ಯಾವುದೋ ಗಡಿಯಲ್ಲಿ ನಿಮ್ಮ ಮಗನ ಪಕ್ಕ ನಿಲ್ಲುವವನು ಅವನೇ ಆಗಿರಬಹುದು.

ಮಗನನ್ನು ಜೊತೆಗೇ ಕರೆದುಕೊಂಡು ಬರಬಹುದಾ ಅನ್ನುವುದು ರಜೆ ಚೀಟಿ ಯಾವತ್ತು ಕೈಗೆ ಬರುತ್ತೆ ಅನ್ನುವುದರ ಮೇಲಿದೆ. ಪರೇಡ್ ಆದ ಮೇಲೆ ಯೂನಿಟ್‌ಗೆ ಹೋಗುವ ಮುಂಚೆ ಸಾಮಾನ್ಯವಾಗಿ ರಜೆ ಕೊಡುತ್ತಾರೆ. ಅಗ್ನಿವೀರರಿಗೆ ವರ್ಷಕ್ಕೆ ಇರುವುದು 30 ದಿನ. ಕೆಲವರಿಗೆ ಅದೇ ದಿನ ಚೀಟಿ ಸಿಗುತ್ತೆ, ಕೆಲವರಿಗೆ ಸಾಮಾನು ಒಪ್ಪಿಸಿ, ಲೆಕ್ಕ ಮುಗಿಸಿ ಎರಡು ದಿನ ಆಗುತ್ತೆ. ಬೇಗ ಬಿಡಿ ಅಂತ ಯಾರ ಹತ್ತಿರವೂ ಹೋಗಿ ಕೇಳಬೇಡಿ, ಅದರಿಂದ ಅವನಿಗೇ ಮುಜುಗರ. ಗಾಡಿಯಲ್ಲಿ ಒಂದು ಸೀಟು ಖಾಲಿ ಇಟ್ಟುಕೊಂಡು ಹೋಗಿ. ಅವನ ಹತ್ತಿರ ಕಪ್ಪು ಕಬ್ಬಿಣದ ಪೆಟ್ಟಿಗೆ ಇರುತ್ತೆ, ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ನಂಬರ್ ಬರೆದಿರುತ್ತಾನೆ. ಜೊತೆಗೆ ಹಾಸಿಗೆ ಸುರುಳಿ. ಟಿ.ಟಿ. ಮೇಲೆ ಕ್ಯಾರಿಯರ್ ಇದೆಯಾ, ಹಗ್ಗ, ಟಾರ್ಪಾಲ್ ಇದೆಯಾ ಅಂತ ಮೊದಲೇ ನೋಡಿ. ಪೆಟ್ಟಿಗೆಯನ್ನು ಕಾಲಿನ ಹತ್ತಿರ ಇಟ್ಟುಕೊಂಡರೆ ಅವ್ವನಿಗೆ ಮಂಡಿ ಚಾಚಲು ಜಾಗ ಇರಲ್ಲ.

ಶನಿವಾರವೇ ವಾಪಸ್ ಹೊರಡಬೇಡಿ. ಮಧ್ಯಾಹ್ನ ಬಿಟ್ಟರೆ ಒಂಬತ್ತರೊಳಗೆ ಗೇಟ್ ದಾಟಬಹುದು ಅಂತ ಡ್ರೈವರ್ ಹೇಳುತ್ತಾನೆ. ಸಂಜೆ ಮಂಜು, ಕಾಡಲ್ಲಿ ಆನೆ, ಗೇಟಿನ ಆತುರ, ಮೂರೂ ಒಟ್ಟಿಗೆ ಸೇರಬಾರದು. ಮಗ ಹೊರಗೆ ಬರಲು ಅನುಮತಿ ಸಿಕ್ಕರೆ ಅವನಿಗೂ ಒಂದು ಬಿಸಿನೀರಿನ ಸ್ನಾನ, ಗಂಟೆಗಟ್ಟಲೆ ನಿದ್ದೆ ಕೊಡಿ. ಅವನಿಗೆ ಬೇಕಾದದ್ದು ಅದು. ಒಳಗೆ ಬಿಟ್ಟರೆ ರೆಜಿಮೆಂಟಿನ ಯುದ್ಧ ಸ್ಮಾರಕಕ್ಕೆ ಹೋಗಿ ಹೂವಿಟ್ಟು ಬನ್ನಿ. ಭಾನುವಾರ ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಬೆಳಕಿರುವಾಗಲೇ ಮನೆ ಸೇರುತ್ತೀರಿ.

ಊಟಿ ನೋಡುವ ಆಸೆ ಮಕ್ಕಳಿಗೆ ಇರುತ್ತೆ, ಬೇಡ ಅನ್ನಲ್ಲ. ಶುಕ್ರವಾರ ಮಧ್ಯಾಹ್ನ ದಾರಿಯಲ್ಲೇ ಪೈಕಾರ ಸಿಗುತ್ತೆ. ಶನಿವಾರ ಸಂಜೆ ಕೂನೂರಿನ ಸಿಮ್ಸ್ ಪಾರ್ಕ್ ಹತ್ತಿರದಲ್ಲೇ ಇದೆ. ನೀಲಗಿರಿ ರೈಲು ವೆಲ್ಲಿಂಗ್ಟನ್ ಸ್ಟೇಷನ್ ಮೇಲೆಯೇ ಹೋಗುತ್ತೆ, ಟಿಕೆಟ್ ಮುಂಚೆ ಸಿಕ್ಕರೆ ಕೂನೂರಿನಿಂದ ಊಟಿಗೆ ಮಕ್ಕಳನ್ನು ಅದರಲ್ಲಿ ಕಳಿಸಿ. ಬೊಟಾನಿಕಲ್ ಗಾರ್ಡನ್, ಬೋಟಿಂಗ್, ದೊಡ್ಡಬೆಟ್ಟ ಎಲ್ಲವನ್ನೂ ಈ ಸಲವೇ ಮುಗಿಸಬೇಕು ಅಂತ ಹೊರಡಬೇಡಿ.

ಹೊರಡುವ ಮುಂಚೆ, ಭಾನುವಾರ ಮಗ ಫೋನ್ ಮಾಡಿದಾಗ ಹೇಗಿದ್ದೀಯ ಅಂತ ಕೇಳುವುದರಲ್ಲೇ ಹೊತ್ತು ಮುಗಿದುಹೋಗುತ್ತೆ, ಹಾಗಾಗಿ ಕೇಳಬೇಕಾದದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಎಷ್ಟು ಗಂಟೆಗೆ, ಯಾವ ಗೇಟಿಗೆ ಬರಬೇಕು. ಎಷ್ಟು ಜನರ ಹೆಸರು ಕೊಡಬಹುದು. ತುಕಡಿ ಯಾವುದು, ಸಾಲು ಯಾವುದು. ಗಾಡಿ ಎಲ್ಲಿ ನಿಲ್ಲಿಸಬೇಕು. ಅಜ್ಜಿಗೆ ಕುರ್ಚಿ ಸಿಗುತ್ತಾ. ರಜೆ ಯಾವತ್ತಿನಿಂದ. ಮನೆಯವರು ಬಾರದ ಹುಡುಗರು ಎಷ್ಟು ಜನ. ಇಷ್ಟಕ್ಕೆ ಉತ್ತರ ಸಿಕ್ಕಿದ ಮೇಲೆ ಟಿ.ಟಿ.ಗೆ ಮುಂಗಡ ಕೊಡಿ.